ಆಕ್ಷೇಪಣೆ ಇಲ್ಲದ ಗಣ್ಯ

ಆ ಒಂದು ಸಾಲನ್ನು ಬರೆಯಿರಿ ಅಂತ ರಾಜಶೇಖರನಿಗೆ ಯಾರೂ ಹೇಳಿರಲಿಲ್ಲ. ಕೈ ತಾನಾಗಿ ಬರೆದುಬಿಟ್ಟಿತು. ಪಂಚಾಯಿತಿ ಕಟ್ಟಡದಲ್ಲಿ ಐದು ವರ್ಷ ಕೂತವನ ಕೈಯೇ ಹಾಗೆ. ಪಟ್ಟಿ ಯಾವುದೇ ಇರಲಿ, ಮನೆ ಮಂಜೂರಾದವರದ್ದೋ ಟಾರ್ಪಾಲು ಸಿಕ್ಕವರದ್ದೋ, ಕೊನೆಗೆ 'ಆಕ್ಷೇಪಣೆಗಳಿದ್ದಲ್ಲಿ ಸಂಜೆ ನಾಲ್ಕು ಗಂಟೆಯೊಳಗೆ ಲಿಖಿತವಾಗಿ ಸಲ್ಲಿಸತಕ್ಕದ್ದು' ಅಂತ ಬರೆದು ಸೀಲು ಒತ್ತಿದರೇನೇ ಅದಕ್ಕೆ ಸಮಾಧಾನ. ಶುಕ್ರವಾರ ಬೆಳಿಗ್ಗೆ ಹನ್ನೊಂದಕ್ಕೆ ಅವನು ನೋಟಿಸ್ ಬೋರ್ಡಿಗೆ ಅಂಟಿಸಿದ ಪಟ್ಟಿ ಮಾತ್ರ ಬೇರೆ ಥರದ್ದು. ಅದರ ತಲೆಬರಹ 'ಹುಣಸೇಬಾಳಿಗೆ ಸಂಬಂಧಪಟ್ಟ ಗಣ್ಯ ವ್ಯಕ್ತಿಗಳು.'

ಹುಣಸೇಬಾಳು ಯಸಳೂರಿನಿಂದ ಐದು ಕಿಲೋಮೀಟರು. ರಾಜಶೇಖರ ಹುಣಸೇಬಾಳಿನ ಪಂಚಾಯಿತಿ ಗ್ರಂಥಾಲಯ ನೋಡಿಕೊಳ್ಳುವವನು. ಅವನ ಹೆಂಡತಿ ಗಂಗಾಮಣಿ ಅದೇ ಊರಿನ ಅಂಗನವಾಡಿ ಟೀಚರು. ಮದುವೆಯಾಗಿ ಹದಿನಾಲ್ಕು ವರ್ಷ. ಅದರಲ್ಲಿ ಮೊದಲ ಒಂಬತ್ತು ವರ್ಷ ಅವನು ಅರಕಲಗೂಡು ಕಡೆಯ ಯಾವುದೋ ಹಳ್ಳಿಯಲ್ಲಿ, ಇವಳು ಇಲ್ಲಿ. ಭಾನುವಾರ ಬೆಳಿಗ್ಗೆ ಬಂದು ಸೋಮವಾರ ಮೊದಲ ಬಸ್ಸಿಗೆ ಹೊರಡುವ ಗಂಡ. ಸಿಕ್ಕಸಿಕ್ಕವರ ಕೈಕಾಲು ಹಿಡಿದು ಅವನು ಈ ಊರಿಗೆ ಬಂದಿದ್ದು ಐದು ವರ್ಷದ ಹಿಂದೆ. ಈಗ ಮನೆಯಿಂದ ಗ್ರಂಥಾಲಯಕ್ಕೆ ನಲವತ್ತು ಹೆಜ್ಜೆ.

ಹೀಗಿರುವಾಗ ಮಂಗಳವಾರ ಒಂದು ಆದೇಶ ಬಂತು. ಸೋಮವಾರದಿಂದ ಅವನನ್ನು ಮಂಜನಕೊಪ್ಪದ ಗ್ರಂಥಾಲಯಕ್ಕೆ ನಿಯೋಜಿಸಲಾಗಿದೆಯಂತೆ. ಮಂಜನಕೊಪ್ಪಕ್ಕೆ ಇರುವುದು ಒಂದೇ ಬಸ್ಸು. ಸಂಜೆ ಮೇಲಕ್ಕೆ ಹೋಗುತ್ತದೆ, ಬೆಳಿಗ್ಗೆ ಕೆಳಗಿಳಿಯುತ್ತದೆ. ಅಂದರೆ ಕೆಲಸಕ್ಕೆ ಹೋದವನು ಅಲ್ಲೇ ಮಲಗಬೇಕು.

ಗಂಗಾಮಣಿ ಆದೇಶವನ್ನು ಎರಡು ಸಲ ಓದಿ ತಟ್ಟೆಯ ಪಕ್ಕ ಇಟ್ಟಿದ್ದಳು. "ಒಂಬತ್ತು ವರ್ಷ ಒಬ್ಳೇ ಬಾಗ್ಲು ಹಾಕ್ಕೊಂಡು ಉಂಡಿದೀನಿ ಕಣ್ರೀ. ಇನ್ನು ನನ್ ಕೈಲಾಗಲ್ಲ," ಅಂದಿದ್ದಳು. ಅವಳು ಅತ್ತಿದ್ದರೆ ರಾಜಶೇಖರ ಸಮಾಧಾನ ಮಾಡುತ್ತಿದ್ದ. ಅಳಲಿಲ್ಲ, ಅದಕ್ಕೇ ಅವನಿಗೆ ದಿಗಿಲಾಯಿತು.

ಆದೇಶ ನಿಲ್ಲಿಸಲು ಇದ್ದದ್ದು ಒಂದೇ ದಾರಿ. 'ಇವರ ಸೇವೆ ನಮ್ಮ ಪಂಚಾಯಿತಿಗೆ ಅತ್ಯಗತ್ಯ' ಅಂತ ಅಧ್ಯಕ್ಷರು ಸಹಿ ಮಾಡಿದ ಪತ್ರ ಶುಕ್ರವಾರ ಸಂಜೆಯೊಳಗೆ ತಾಲ್ಲೂಕು ಆಫೀಸು ಮುಟ್ಟಬೇಕು. ಅಧ್ಯಕ್ಷೆ ಗುರುಶಾಂತಮ್ಮ ಕೆಟ್ಟವರಲ್ಲ, ಆದರೆ ಯಾವ ಕೆಲಸವನ್ನೂ ಪುಕ್ಕಟೆ ಮಾಡಿಕೊಟ್ಟವರೂ ಅಲ್ಲ. ಪಕ್ಕದ ಪಂಚಾಯಿತಿಯವರು ತಮ್ಮ ಊರಿನ ಗಣ್ಯರ ಹೆಸರು ಕೆತ್ತಿಸಿ ಕಲ್ಲು ನಿಲ್ಲಿಸಿದ್ದು, ಅದರ ಫೋಟೋ ಪೇಪರಿನಲ್ಲಿ ಬಂದಿದ್ದು ಅವರಿಗೆ ಹದಿನೈದು ದಿನದಿಂದ ಊಟ ಸೇರದಂತೆ ಮಾಡಿತ್ತು.

"ನೋಡಿ ರಾಜಶೇಖರ್, ನೀವು ಓದ್ಕೊಂಡಿರೋರು," ಅಂದರು ಅವರು ಬೆಳಿಗ್ಗೆ. "ನಮ್ ಕಲ್ಲು ಅವರ ಕಲ್ಲಿಗಿಂತ ಒಂದಡಿ ಎತ್ರ. ಆಲೂರಲ್ಲಿ ಸಂಜಯನ ಅಂಗಡೀಲಿ ಪಾಲಿಶ್ ಆಗಿ ಕೂತೈತೆ. ಹತ್ತು ಗೆರೆ ಹಾಕ್ಸಿದೀನಿ. ಹತ್ತು ಹೆಸ್ರು ಕೊಡಿ. ನಾಲ್ಕು ಗಂಟೆಯೊಳಗೆ ಅವನಿಗೆ ಮುಟ್ಬೇಕು, ಆಮೇಲೆ ಅವನು ಕೆಲ್ಸ ಹುಡುಗ್ರಿಗೆ ವಹಿಸಿ ಮದ್ವೆಗೆ ಚಿಕ್ಕಮಗಳೂರಿಗೆ ಹೋಗ್ಬುಡ್ತಾನೆ. ಭಾನುವಾರ ಉದ್ಘಾಟನೆ."

"ಆಯ್ತು ಮೇಡಂ. ನನ್ನ ಪತ್ರ..."

"ಪಟ್ಟಿ ಜಗಳ ಇಲ್ದಂಗೆ ಆಲೂರಿಗೆ ಹೋಗ್ಲಿ, ನಿಮ್ ಪತ್ರಕ್ಕೆ ಆಗ್ಲೇ ಸೈನ್ ಹಾಕ್ತೀನಿ."

"ಜಗಳ ಆದ್ರೆ?"

"ಮಂಜನಕೊಪ್ಪದಲ್ಲಿ ಚಳಿ ಜಾಸ್ತಿಯಂತೆ. ಸ್ವೆಟರ್ ತಗೊಂಡೋಗಿ," ಅಂದರು ಗುರುಶಾಂತಮ್ಮ.

ರಾಜಶೇಖರ ಒಂದೂವರೆ ಗಂಟೆಯಲ್ಲಿ ಹತ್ತು ಜನರನ್ನು ಹುಡುಕಿದ. ಸಂಬಂಧಗಳು ಅಷ್ಟೇನೂ ಗಟ್ಟಿ ಇರಲಿಲ್ಲ. ವಿಜ್ಞಾನಿಯೊಬ್ಬರ ತಾಯಿ ಬಾಣಂತನಕ್ಕೆ ಇಲ್ಲಿಗೆ ಬಂದಿದ್ದರು, ಹಾಗಾಗಿ ವಿಜ್ಞಾನಿ ಹುಟ್ಟಿದಾಗಿನಿಂದ ಮೂರು ತಿಂಗಳು ಹುಣಸೇಬಾಳಿನವರು. ಹಾಕಿ ಆಟಗಾರರೊಬ್ಬರ ಅಪ್ಪ ಇಲ್ಲಿನ ಎಸ್ಟೇಟಿನಲ್ಲಿ ಎರಡು ವರ್ಷ ಲೆಕ್ಕ ಬರೆಯುವ ರೈಟರ್ ಆಗಿದ್ದರು. ಸೈನ್ಯದ ದೊಡ್ಡ ಅಧಿಕಾರಿಯೊಬ್ಬರು ನಾಲ್ಕನೇ ಕ್ಲಾಸಿನವರೆಗೆ ಇಲ್ಲಿ ಓದಿದ್ದರು. ನಿವೃತ್ತ ನ್ಯಾಯಾಧೀಶರೊಬ್ಬರ ನಂಬರು ಸಿಕ್ಕಿತು, ಫೋನೇ ಮಾಡಿಬಿಟ್ಟ.

"ಹುಣಸೇಬಾಳಾ?" ಅಂದರು ನ್ಯಾಯಾಧೀಶರು ಬಹಳ ಹೊತ್ತು ಯೋಚಿಸಿ. "ಅಲ್ಲಿ ಜಿಗಣೆ ಜಾಸ್ತಿ ಅಲ್ವೇನ್ರೀ?"

"ಹೌದು ಸಾರ್, ಈಗ್ಲೂ ಅವೆ."

"ಹಾಗಾದ್ರೆ ಅದೇ ಊರು. ಹಾಕ್ಕೊಳ್ಳಿ ನನ್ನ ಹೆಸರು."

ಹೀಗೆ ಪಟ್ಟಿ ತಯಾರಾಯಿತು, ಬೋರ್ಡಿಗೂ ಏರಿತು. ಅದರ ಅಡಿಗೆ ಆ ಸಾಲೂ ಸೇರಿಕೊಂಡಿತು.

ಮೊದಲು ಬಂದವಳು ಪಕ್ಕದ ಮನೆಯ ನಂಜಮ್ಮ. ಕೈಯಲ್ಲಿ ಆಧಾರ್ ಕಾರ್ಡಿನ ಜೆರಾಕ್ಸು, ಎರಡು ಫೋಟೋ.

"ತಗಳಪ್ಪ. ನನ್ನೂ ಒಬ್ಬ ಗಣ್ಯಳನ್ನಾಗಿ ಬರ್ಕೋ," ಅಂದಳು.

"ನಂಜಕ್ಕ, ಇದು ಅಂಥಾ ಪಟ್ಟಿ ಅಲ್ಲ."

"ಎಂಥಾದ್ದಾದ್ರೂ ಇರ್ಲಿ. ಏನ್ ಕೊಡ್ತಾರೆ ಗಣ್ಯರಿಗೆ?"

"ಏನೂ ಕೊಡಲ್ಲ. ಕಲ್ಲಲ್ಲಿ ಹೆಸ್ರು ಕೆತ್ತಿಸ್ತಾರೆ, ಅಷ್ಟೇಯ."

ನಂಜಮ್ಮ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಟಾರ್ಪಾಲ್ ಬಂದಾಗ್ಲೂ ಹಿಂಗೇ ಅಂದಿದ್ದೆ. ಏನೂ ಕೊಡ್ದೆ ಇರಕ್ಕೆ ಸೀಲು ಹೊಡ್ದು ಯಾರಪ್ಪ ಪಟ್ಟಿ ಹಾಕ್ತಾರೆ? ಹೋದ್ಸಲ ನನ್ ಹೆಸ್ರು ಬುಟ್ಬುಟ್ರಿ, ಒಣಗಾಕಿದ್ ಕಾಫಿ ಎಲ್ಲಾ ನೆಂದೋಯ್ತು. ಈ ಸಲ ಬುಡಲ್ಲ ನಾನು. ನಂದು ಬಿಪಿಎಲ್ ಕಾರ್ಡು ಕಣಪ್ಪ, ಮೊದ್ಲು ನಂಗೇ ಬರ್ಬೇಕು."

ಅವಳ ಹಿಂದೆ ಆರು ಜನ ನಿಂತಿದ್ದರು. ಹನ್ನೆರಡು ಗಂಟೆಗೆ ಸಾಲು ಗ್ರಂಥಾಲಯದ ಮೆಟ್ಟಿಲಿಳಿದು ಹಾಲಿನ ಡೈರಿ ತನಕ ಬೆಳೆಯಿತು. ಗಣ್ಯರಲ್ಲಿ ಮಹಿಳಾ ಮೀಸಲಾತಿ ಎಷ್ಟು ಅಂತ ಒಬ್ಬಳು ಕೇಳಿದಳು. ಒಂದು ಮನೆಗೆ ಒಬ್ಬನೇ ಗಣ್ಯನೋ ಇಬ್ಬರೋ ಅಂತ ಇನ್ನೊಬ್ಬ ಕೇಳಿದ. ಯಾರೋ ಇಬ್ಬರು ಅಣ್ಣತಮ್ಮಂದಿರು ಇಬ್ಬರೂ ಗಣ್ಯರಾಗಲೆಂದೇ ಸಾಲಿನಲ್ಲಿ ನಿಂತಲ್ಲೇ ಮನೆ ಬೇರೆ ಮಾಡಿಕೊಂಡರು. ರಾಜಶೇಖರನ ಮೇಜಿನ ಮೇಲೆ ನಲವತ್ತಮೂರು ಅರ್ಜಿಗಳು ಬಿದ್ದಿದ್ದವು.

ಅಷ್ಟರಲ್ಲಿ ಜೀಪು ನಿಲ್ಲಿಸಿ ದೇವೀರಪ್ಪನವರು ಇಳಿದರು. ಎಪ್ಪತ್ತು ದಾಟಿದ ಪ್ಲಾಂಟರು, ಮೂವತ್ತೆಕರೆ ಕಾಫಿ, ಊರಲ್ಲಿ ಯಾವ ಸಭೆ ನಡೆದರೂ ವೇದಿಕೆಯ ಮೇಲೆ ಅವರದೊಂದು ಕುರ್ಚಿ. ಸಾಲು ತಾನಾಗಿ ದಾರಿ ಬಿಟ್ಟಿತು. ಅವರು ಒಂದು ಆಲ್ಬಂ ತೆಗೆದು ಮೇಜಿನ ಮೇಲಿಟ್ಟರು.

"ಎಣಿಸಪ್ಪ."

"ಏನನ್ನ ಯಜಮಾನ್ರೇ?"

"ಶಾಲು. ಹನ್ನೊಂದು ಸಲ ಹೊದ್ಸಿದಾರೆ. ಆ ಹಾಕಿ ಆಡೋನಿಗೆ ಎಷ್ಟು ಹೊದ್ಸಿದಾರೆ, ಹೇಳು ನೋಡೋಣ?"

ರಾಜಶೇಖರ ಬಾಯಿ ತೆರೆಯುವಷ್ಟರಲ್ಲಿ ಹಿಂದಿನಿಂದ ಯಾರೋ ನಕ್ಕರು. ಮೆಣಸಿನ ವ್ಯಾಪಾರದ ಮಹಮ್ಮದ್ ಇಸ್ಮಾಯಿಲ್. ವಾರಕ್ಕೆ ಮೂರು ದಿನ ಯಸಳೂರಿನ ಅಂಗಡಿ ಬಿಟ್ಟು ಇಲ್ಲಿ ಮೆಣಸು ಕೊಳ್ಳಲು ಬರುವವರು. ಅವರಿಗೂ ದೇವೀರಪ್ಪನವರಿಗೂ ಒಂದು ತೂಕದ ವಿಚಾರದಲ್ಲಿ ಮೂವತ್ತು ವರ್ಷದಿಂದ ಮಾತು ಕಮ್ಮಿ.

"ಲೈಬ್ರರಿ ಸಾರ್, ಶಾಲು ಆಮೇಲೆ ಎಣಿಸಿ. ನಮ್ ಚಿಕ್ಕಮ್ಮ ಮರಿಯಮ್ ಬೀ ಹೆಸ್ರು ಯಾಕ್ ಹಾಕಿಲ್ಲ ಹೇಳಿ. ಈ ಊರಿನ ಅರ್ಧ ಜನಾನ ಹೆರಿಗೆ ಮಾಡ್ಸಿದೋರು ಅವರು. ಈ ವಯಸ್ಸಾದ್ಮೇಲೂ ಇಲ್ಲೇ ಅವರೆ. ಯಜಮಾನ್ರೇ, ನಿಮ್ ಮೂರೂ ಮಕ್ಳನ್ನ ಮೊದ್ಲು ಎತ್ಕೊಂಡ ಕೈ ಯಾರ್ದು?"

"ಎತ್ಕೊಂಡ್ರೆ ಏನೀಗ? ಶಾಲು ಹೊದ್ಸಿದಾರಾ?" ಅಂದರು ದೇವೀರಪ್ಪ.

ಇಸ್ಮಾಯಿಲ್ ಸಿಟ್ಟಿನಲ್ಲಿ ಮರಿಯಮ್ ಬೀಗೇ ಫೋನ್ ಹಚ್ಚಿ ಸ್ಪೀಕರ್ ಹಾಕಿದರು. ವಿಷಯ ಕೇಳಿ ಆ ಕಡೆಯಿಂದ ಮುದುಕಿ ಗದರಿಸಿತು. "ಕಲ್ಲಲ್ಲಿ ಹೆಸ್ರು ಹಾಕ್ಸಕ್ಕೆ ನಾನೇನ್ ಸತ್ತೋಗಿದೀನೇನೋ? ಇನ್ನೂ ಮಧ್ಯಾಹ್ನದ ಊಟ ಮಾಡಿಲ್ಲ ನಾನು. ಇಡೋ ಫೋನ್ನ."

ಸಾಲಿನಲ್ಲಿದ್ದವರೆಲ್ಲ ನಕ್ಕರು. ಇಸ್ಮಾಯಿಲ್ ನಗಲಿಲ್ಲ. ದೇವೀರಪ್ಪ ನಕ್ಕಿದ್ದು ಜಾಸ್ತಿಯಾಯಿತು. ಆಮೇಲೆ ಮೂವತ್ತು ವರ್ಷದ ಹಿಂದಿನ ತಕ್ಕಡಿ ಹೊರಬಂತು, ಅದರ ಹಿಂದೆ ಇಬ್ಬರ ಅಪ್ಪಂದಿರೂ ಹೊರಬಂದರು. ಗಲಾಟೆ ಕೇಳಿ ಗುರುಶಾಂತಮ್ಮ ಪಂಚಾಯಿತಿ ಬಾಗಿಲಿಂದ ಇಣುಕಿದರು.

"ಇದೇನು ಜಗಳಾನಾ ರಾಜಶೇಖರ್?"

"ಇಲ್ಲ ಮೇಡಂ, ಚರ್ಚೆ," ಅಂದ ರಾಜಶೇಖರ.

ಅಂದವನಿಗೆ ಮಂಜನಕೊಪ್ಪದ ಬಸ್ಸು ಕಣ್ಣಿಗೆ ಕಟ್ಟಿತು. ಏನಾದರೂ ಉಪಾಯ ಹೊಳೆಯಲಿ ದೇವರೇ ಅಂತ ಬೋರ್ಡಿನ ಪಟ್ಟಿಯ ಕಡೆ ನೋಡಿದ. ನೋಡುತ್ತಾ ನೋಡುತ್ತಾ ಒಂದು ಸಂಗತಿ ಹೊಳೆದೇಬಿಟ್ಟಿತು. ಆ ಹತ್ತು ಜನರಲ್ಲಿ ಒಬ್ಬರೂ ಈಗ ಊರಲ್ಲಿಲ್ಲ. ಊರಲ್ಲಿಲ್ಲದವರ ಮೇಲೆ ಯಾರಿಗೂ ಹೊಟ್ಟೆಕಿಚ್ಚಿಲ್ಲ. ಜಗಳ ಇರುವುದೆಲ್ಲ ಇಲ್ಲೇ ಇರುವವರ ಹೆಸರಿಗೆ.

ಅವನು ಬೆಂಚು ಹತ್ತಿ ನಿಂತ. "ಎಲ್ರೂ ಕೇಳಿ! ಈ ಪಟ್ಟಿ ಊರು ಬಿಟ್ಟು ಹೋದೋರಿಗೆ ಮಾತ್ರ. ಪಂಚಾಯಿತಿ ವ್ಯಾಪ್ತೀಲಿ ವಾಸ ಇರೋರು ಇದಕ್ಕೆ ಅನರ್ಹರು!"

'ಅನರ್ಹರು' ಅನ್ನುವ ಮಾತು ಹುಣಸೇಬಾಳಿನವರಿಗೆ ಹೊಸದಲ್ಲ. ಸಾಲು ಗೊಣಗುತ್ತಾ ಕರಗಿತು. ನಂಜಮ್ಮ ತನ್ನ ಎರಡು ಫೋಟೋ ವಾಪಸ್ ಇಸಕೊಂಡಳು. "ಇಲ್ಲೇ ಬಿದ್ದಿರೋರಿಗೆ ಯಾವತ್ತೂ ಏನೂ ಇಲ್ಲ ಬುಡು," ಅಂದು ಹೋದಳು. ಇಸ್ಮಾಯಿಲ್ ಬೋರ್ಡಿನ ಪಟ್ಟಿಯನ್ನು ಇನ್ನೊಮ್ಮೆ ಓದಿಕೊಂಡು ಹೊರಟರು. ದೇವೀರಪ್ಪ ಆಲ್ಬಂ ಎತ್ತಿಕೊಂಡು ಜೀಪು ಹತ್ತಿದರು.

ಗುರುಶಾಂತಮ್ಮನವರಿಗೆ ಇದು ಎಷ್ಟು ಹಿಡಿಸಿತೆಂದರೆ, ಆಫೀಸಿನಲ್ಲಿದ್ದ ಸದಸ್ಯರನ್ನೆಲ್ಲ ಕೂರಿಸಿ ನಡಾವಳಿ ಪುಸ್ತಕದಲ್ಲಿ ನಿರ್ಣಯವನ್ನೇ ಬರೆಸಿದರು. 'ಗ್ರಾಮದಲ್ಲಿ ವಾಸವಿರುವ ಯಾರ ಹೆಸರನ್ನೂ ಕಲ್ಲಿನಲ್ಲಿ ಕೆತ್ತಿಸತಕ್ಕದ್ದಲ್ಲ.' ಬರೆದವನು ರಾಜಶೇಖರನೇ. ಒಳ್ಳೆಯ ಅಕ್ಷರ ಅವನದು.

ಒಂದೂವರೆಗೆ ಗಂಗಾಮಣಿ ಊಟದ ಡಬ್ಬಿ ಹಿಡಿದು ಗ್ರಂಥಾಲಯಕ್ಕೇ ಬಂದಳು.

"ಆಯ್ತಾ?" ಅಂದಳು.

"ಆದಂಗೇ. ನಾಲ್ಕು ಗಂಟೆಗೆ ಸೈನ್ ಬೀಳ್ತದೆ. ನೀನೇನೂ ಯೋಚ್ನೆ ಮಾಡ್ಬೇಡ."

ಅವಳು ಅವನ ಮುಂದೆ ಮುದ್ದೆ ಇಟ್ಟು, ಉಪ್ಪುಸಾರು ಬಿಟ್ಟು, ಅವನು ಪೂರ್ತಿ ಉಣ್ಣುವ ತನಕ ಎದುರಿಗೇ ಕೂತಿದ್ದಳು. ಹೋಗುವಾಗ ಮಾತ್ರ ಸ್ವಲ್ಪ ನಕ್ಕಳು. ಮಂಗಳವಾರದಿಂದ ಅವಳು ನಕ್ಕಿದ್ದು ಅದೇ ಮೊದಲು, ರಾಜಶೇಖರನಿಗೆ ಎದೆ ತುಂಬಿ ಬಂತು.

ಮೂರು ಗಂಟೆಗೆ ಇಸ್ಮಾಯಿಲ್ ವಾಪಸ್ ಬಂದರು, ಒಂದು ಹಾಳೆಯಲ್ಲಿ ಲಿಖಿತ ಆಕ್ಷೇಪಣೆ ಸಮೇತ. ಪಟ್ಟಿಯ ಹತ್ತನೆಯವರು ಮಂಗಳೂರಿನಲ್ಲಿ ಹೆಸರು ಮಾಡಿದ ಹೃದಯದ ಡಾಕ್ಟರು.

"ಇವರ ಮನೆ ಹಳ್ಳದ ಆಚೆ ಸಾರ್. ಹಳ್ಳದಾಚೆ ಪಕ್ಕದ ಪಂಚಾಯಿತಿ. ಅವರ ಕಲ್ಲಲ್ಲಿ ಈ ಡಾಕ್ಟರ ಹೆಸ್ರು ಆಗ್ಲೇ ಐತೆ, ನಾನೇ ನೋಡ್ಕೊಂಡು ಬಂದೆ."

ಗುರುಶಾಂತಮ್ಮ ಕುರ್ಚಿಯಿಂದ ಎದ್ದೇ ನಿಂತರು. "ಅವರ ಕಲ್ಲಿನ ಎಂಜಲು ನಮ್ ಕಲ್ಲಿಗೆ ಬೇಡ. ಹೊಡ್ದಾಕಿ ಆ ಹೆಸ್ರನ್ನ!"

ಹೊಡೆದುಹಾಕಿದ್ದಾಯಿತು. ಉಳಿದವರು ಒಂಬತ್ತು. ಹತ್ತನೆಯ ಗೆರೆ ಖಾಲಿಯಾಗಿದೆ ಅಂತ ಸುದ್ದಿ ಹೇಗೆ ಹಬ್ಬಿತೋ, ಹತ್ತು ನಿಮಿಷದಲ್ಲಿ ದೇವೀರಪ್ಪನವರ ಜೀಪು ಮತ್ತೆ ಬಾಗಿಲಲ್ಲಿತ್ತು. ಈ ಸಲ ಆಲ್ಬಂ ಬದಲು ಕರೆಂಟು ಬಿಲ್ಲು ತಂದಿದ್ದರು.

"ಸಕಲೇಶಪುರದಲ್ಲಿ ನಂದೊಂದು ಮನೆ ಐತೆ. ವಾರಕ್ಕೆರಡು ದಿನ ಅಲ್ಲೇ ಮಲಗೋದು. ನಾನೂ ಊರು ಬಿಟ್ಟೋನೇ ಕಣ್ರೀ."

"ಎರಡು ದಿನ ಬಿಟ್ರೆ ಬಿಟ್ಟಂಗಾ?" ಅಂದರು ಇಸ್ಮಾಯಿಲ್. "ಹಂಗಾದ್ರೆ ನಮ್ ಚಿಕ್ಕಮ್ಮ ವರ್ಷಕ್ಕೆರಡು ತಿಂಗ್ಳು ಆಲೂರಲ್ಲಿ ಮಗಳ ಮನೇಲಿರ್ತಾರೆ. ಅವರನ್ನ ಹಾಕಿ."

ಬಾಗಿಲ ಬಳಿ ನಂಜಮ್ಮನೂ ಬಂದು ನಿಂತಿದ್ದಳು. "ನಾನೂ ಹೋದೊರ್ಷ ಧರ್ಮಸ್ಥಳದಲ್ಲಿ ಮೂರ್ ದಿನ ಇದ್ದೆ," ಅಂದಳು.

ಮೂರೂ ಮುಕ್ಕಾಲಿಗೆ ಆಲೂರಿನಿಂದ ಸಂಜಯ ಫೋನ್ ಮಾಡಿದ. ಅಂಗಡಿ ಮುಂದೆ ಕಾರು ಬಂದು ನಿಂತಿದೆ, ಹೆಂಡತಿ ಹಾರ್ನ್ ಹೊಡೆಸುತ್ತಿದ್ದಾಳೆ, ಹೆಸರು ಕೊಡ್ತೀರೋ ಇಲ್ಲವೋ? ಒಂಬತ್ತೇ ಹೆಸರು ಹಾಕಿದರೆ ಹೇಗೆ ಅಂತ ರಾಜಶೇಖರ ಮೆಲ್ಲಗೆ ಕೇಳಿದ. ಗುರುಶಾಂತಮ್ಮ ಅವನನ್ನು ತಿನ್ನುವ ಹಾಗೆ ನೋಡಿದರು. "ಹತ್ತು ಗೆರೆ ಹಾಕ್ಸಿ ಒಂಬತ್ತು ಹೆಸ್ರು ಬರ್ಸಿದ್ರೆ, ಇವರಿಗೆ ಹತ್ತನೇ ಗಣ್ಯ ಸಿಗ್ಲಿಲ್ಲ ಅಂತ ಹಳ್ಳದಾಚೆಯೋರು ನಗಲ್ವಾ? ನೀವು ಹೋಗಿ ನಿಮ್ ಪತ್ರ ಪ್ರಿಂಟ್ ಹಾಕ್ಸ್ಕೊಂಡ್ ಬನ್ನಿ. ಇವರನ್ನ ನಾನು ನೋಡ್ಕೋತೀನಿ."

ಪಂಚಾಯಿತಿ ಪ್ರಿಂಟರಿನ ಇಂಕು ಮುಗಿದು ತಿಂಗಳಾಗಿತ್ತು. ರಾಜಶೇಖರ ತನ್ನ ಫೈಲನ್ನು ಮೇಜಿನ ಮೇಲೇ ಬಿಟ್ಟು ರಸ್ತೆಯಾಚೆಯ ಜೆರಾಕ್ಸ್ ಅಂಗಡಿಗೆ ಓಡಿದ. ಅಲ್ಲಿ ಕರೆಂಟು ಹೋಯಿತು. ಬಂತು. ಅರ್ಧ ಹಾಳೆ ಹೊರಬಂದಾಗ ಮತ್ತೆ ಹೋಯಿತು. ಬೆಚ್ಚಗಿನ ಪತ್ರ ಹಿಡಿದು ಅವನು ವಾಪಸ್ ಓಡಿಬಂದಾಗ ನಾಲ್ಕೂ ಐದು. ಒಳಗಿಂದ ಒಂದು ದನಿಯೂ ಕೇಳಿಸುತ್ತಿರಲಿಲ್ಲ. ಹೊಡೆದಾಡಿಕೊಂಡು ಎಲ್ಲರೂ ಮೇಲಕ್ಕೆ ಹೋದರೇನೋ ಅಂದುಕೊಂಡೇ ಅವನು ಬಾಗಿಲು ತಳ್ಳಿದ.

ದೇವೀರಪ್ಪನವರೂ ಇಸ್ಮಾಯಿಲ್ಲೂ ಒಂದೇ ಬೆಂಚಿನ ಮೇಲೆ ಕೂತು ಕಾಫಿ ಕುಡಿಯುತ್ತಿದ್ದರು. ಗುರುಶಾಂತಮ್ಮನವರ ಮುಖ ಅರಳಿತ್ತು.

"ಬನ್ನಿ ಬನ್ನಿ! ಹತ್ತನೇ ಹೆಸ್ರು ಸಿಕ್ತು, ಆಲೂರಿಗೂ ಹೋಯ್ತು. ಒಬ್ರೂ ತಕರಾರು ಮಾಡ್ಲಿಲ್ಲ."

"ಯಾರ್ದು ಮೇಡಂ?"

"ನಿಮ್ದೇ ಕಣ್ರೀ!"

ರಾಜಶೇಖರ ಒಬ್ಬೊಬ್ಬರ ಮುಖವನ್ನೂ ನೋಡಿದ.

"ಆ ಸಾಬ್ರಿಗೆ ಕೊಡೋದಕ್ಕಿಂತ ಲೈಬ್ರರಿಯೋನಿಗೆ ಕೊಡೋದು ವಾಸಿ ಅಂದೆ ನಾನು," ಅಂದರು ದೇವೀರಪ್ಪ.

"ಇವರಿಗೆ ಕೊಡೋದಕ್ಕಿಂತ ವಾಸಿ ಅಂತ ನಾನೂ ಅಂದೆ," ಅಂದರು ಇಸ್ಮಾಯಿಲ್. "ಮೂವತ್ತು ವರ್ಷದಲ್ಲಿ ನಾವಿಬ್ರೂ ಒಪ್ಪಿದ್ದು ಇದೊಂದೇ ಮಾತು ಸಾರ್."

"ನಿನ್ ಮೇಲೆ ಯಾರಿಗಪ್ಪ ಹೊಟ್ಟೆಕಿಚ್ಚು?" ಅಂದಳು ನಂಜಮ್ಮ ಪ್ರೀತಿಯಿಂದ.

ಅವನ ಕಣ್ಣು ಒದ್ದೆಯಾಯಿತು. ಹುಟ್ಟಿದಾಗಿನಿಂದ ಅವನನ್ನು ಯಾರೂ ಗಣ್ಯ ಅಂತ ಕರೆದಿರಲಿಲ್ಲ, ಗಮನಿಸಿದ್ದೂ ಕಮ್ಮಿ. ಜಗಳವೂ ಆಗಲಿಲ್ಲ, ಪಟ್ಟಿಯೂ ಹೋಯಿತು, ಕಲ್ಲಿನ ಮೇಲೆ ಹೆಸರೂ ಬಂತು. ಗಂಗಾಮಣಿಗೆ ಯಾವುದನ್ನು ಮೊದಲು ಹೇಳಲಿ ಅಂತ ಯೋಚಿಸುತ್ತಲೇ ಅವನು ಪತ್ರವನ್ನು ಅಧ್ಯಕ್ಷರ ಮುಂದಿಟ್ಟ.

ಗುರುಶಾಂತಮ್ಮ ಪೆನ್ನು ತೆಗೆದರು. ಪತ್ರ ಓದಿದರು. ಪೆನ್ನನ್ನು ಮುಚ್ಚಿ ಕೆಳಗಿಟ್ಟರು.

"ಇದಕ್ಕೆ ಹೆಂಗ್ರೀ ಸೈನ್ ಹಾಕ್ಲಿ?"

"ಯಾಕೆ ಮೇಡಂ? ಬೆಳಿಗ್ಗೆ ಹೇಳಿದ್ರಲ್ಲ?"

"ಬೆಳಿಗ್ಗೆ ನೀವು ಗಣ್ಯರಾಗಿರ್ಲಿಲ್ಲ. ಊರಲ್ಲಿ ವಾಸ ಇರೋರ ಹೆಸ್ರು ಕಲ್ಲಿಗೆ ಹಾಕಂಗಿಲ್ಲ ಅಂತ ನಿರ್ಣಯ ಆಗೈತೆ, ನೀವೇ ಬರ್ದಿದ್ದು. ಮಿಕ್ಕೋರೆಲ್ಲ ಕರೆಂಟ್ ಬಿಲ್ಲು ಅದೂ ಇದೂ ತೋರಿಸ್ತಾರೆ. ಊರು ಬಿಡ್ಬೇಕು ಅಂತ ಸರ್ಕಾರದ ಆದೇಶವೇ ಇರೋದು ನಿಮ್ಮೊಬ್ರಿಗೇ. ಫೈಲಲ್ಲಿತ್ತಲ್ಲ, ಎಲ್ರೂ ಓದಿದ್ವಿ. ಅದ್ಕೇ ಅಲ್ವಾ ಯಾರೂ ತಕರಾರು ಮಾಡ್ದೇ ಇದ್ದಿದ್ದು?"

"ಹಂಗಾದ್ರೆ ನನ್ ಹೆಸ್ರು ತೆಗ್ಸಿ ಮೇಡಂ! ನಂಗೆ ಬೇಡ ಗಣ್ಯತನ!"

"ಸೋಮವಾರ ನೀವೇನಾದ್ರೂ ಇಲ್ಲೇ ಕಂಡ್ರೆ," ಅಂದರು ದೇವೀರಪ್ಪ ಕಾಫಿ ಲೋಟ ಇಡುತ್ತಾ, "ನಾನು ತಾಲ್ಲೂಕಿಗೆ ಅರ್ಜಿ ಹಾಕೋನೇ ಸೈ. ನಿಯಮ ಅಂದ್ಮೇಲೆ ನಿಯಮ."

"ಈ ವಿಷಯದಲ್ಲಿ ನಾನೂ ಯಜಮಾನ್ರ ಜೊತೆ," ಅಂದರು ಇಸ್ಮಾಯಿಲ್. ಈಗ ಇಬ್ಬರ ನಡುವೆ ಒಪ್ಪಿದ ಮಾತು ಎರಡಾಯಿತು.

ಅಂಗನವಾಡಿ ಮುಚ್ಚಿ, ಹೆಗಲಿಗೆ ಚೀಲ ಹಾಕಿಕೊಂಡು ಗಂಗಾಮಣಿ ಬಾಗಿಲಿಗೆ ಬಂದಳು. ನಂಜಮ್ಮ ಓಡಿಹೋಗಿ ಅವಳ ಕೈ ಹಿಡಿದು ಸಂಭ್ರಮದಿಂದ ಎಲ್ಲವನ್ನೂ ಹೇಳಿದಳು, ಕಲ್ಲಿನಿಂದ ಹಿಡಿದು ಮಂಜನಕೊಪ್ಪದವರೆಗೆ. ಗಂಗಾಮಣಿ ಕೇಳಿಸಿಕೊಂಡು ಗಂಡನ ಮುಖವನ್ನೇ ನೋಡುತ್ತಾ ನಿಂತಳು.

ಅಷ್ಟರಲ್ಲಿ ರಾಜಶೇಖರನ ಫೋನು ಬಡಿದುಕೊಂಡಿತು. ಆಲೂರಿನ ಸಂಜಯ. ರಾಜಶೇಖರ ಹಲೋ ಅನ್ನಲೂ ಇಲ್ಲ, "ಹತ್ತನೇ ಹೆಸ್ರು ನಿಲ್ಸು ಮಾರಾಯ, ಕೆತ್ಬೇಡ!" ಅಂತ ಕಿರುಚಿದ.

"ಅಯ್ಯೋ, ಆಗ್ಲೇ ಆಗೋಯ್ತು ಸಾರ್. ಚಿಕ್ಕ ಹೆಸ್ರು ಅಂತ ಹುಡುಗ್ರು ಅದನ್ನೇ ಮೊದ್ಲು ಮಿಷಿನ್ನಿಗೆ ಕೊಟ್ಟು ಮುಗ್ಸಿದ್ರು. ಚೆನ್ನಾಗ್ ಬಂದೈತೆ, ಆಳವಾಗಿ ಕೂತೈತೆ. ಒಂದೇ ಕೇಳ್ಬೇಕಿತ್ತು. ಎಲ್ರ ಹೆಸ್ರಿನ ಪಕ್ಕ ಊರು ಬಿಟ್ಟ ಇಸವಿ ಹಾಕು ಅಂದಿದಾರೆ ಅಧ್ಯಕ್ಷರು. ಒಂಬತ್ತು ಜನದ್ದೂ ಕೊಟ್ಟವ್ರೆ. ಈ ಹತ್ತನೆಯೋರು ಯಾವಾಗ ಊರು ಬಿಟ್ಟಿದ್ದು ಸಾರ್?"

ರಾಜಶೇಖರ ಬಾಗಿಲ ಕಡೆ ನೋಡಿದ. ಗಂಗಾಮಣಿ ಅಲ್ಲೇ ನಿಂತಿದ್ದಳು, ಈ ಸಲ ಅಳುತ್ತಿದ್ದಳು.

"ಸೋಮವಾರ," ಅಂದ.